ಕ್ಲಚ್ಚಿನ ಡಬ್ಬಿಯ ತೂತು

ನಮ್ಮ ಅಂಗಳದಲ್ಲಿ ಅವ್ವ ಹಾಕಿದ ರಂಗೋಲಿ ಮರುದಿನದವರೆಗೆ ಒಮ್ಮೆಯೂ ಬಾಳಲಿಲ್ಲ. ಸಂಜೆ ಟ್ರ್ಯಾಕ್ಟರ್ ಬಂದು ಅದರ ಮೇಲೇ ನಿಲ್ಲುತ್ತಿತ್ತು, ಬೆಳಗಾಗುವುದರೊಳಗೆ ಕರೀ ಎಣ್ಣೆ ತೊಟ್ಟಿಕ್ಕಿ ಎಳೆಗಳನ್ನೆಲ್ಲ ನುಂಗಿ ಹಾಕಿರುತ್ತಿತ್ತು. ಅವ್ವ ಅದರ ಮೇಲೆ ಬೂದಿ ಚೆಲ್ಲಿ, ಕಾಲಿನಿಂದ ತಿಕ್ಕಿ, ಆ ಮಣ್ಣನ್ನು ಸಲಿಕೆಯಿಂದ ಕೆರೆದು ತಿಪ್ಪೆಗೆ ಎಸೆದು, ಮತ್ತೆ ಸೆಗಣಿ ಸಾರಿಸುತ್ತಿದ್ದಳು. ಅಪ್ಪ ಆ ಸಲಿಕೆ ಮುಟ್ಟಿದ್ದನ್ನು ನಾನು ಕಂಡಿಲ್ಲ. ನಾನೀಗ ಬೀಳಗಿಯ ಒಂದು ಶಾಲೆಯಲ್ಲಿ ಕಲಿಸುತ್ತೇನೆ. ಮಕ್ಕಳು ನನಗೆ ಸಿಟ್ಟಿನ ಅಕ್ಕೋರು ಎಂದು ಹೆಸರಿಟ್ಟಿದ್ದಾರೆ, ಇಡಲಿ. ಈ ಸಿಟ್ಟು ನನಗೆ ಹುಟ್ಟಿನಿಂದ ಬಂದದ್ದಲ್ಲ. ಆ ಅಂಗಳದಲ್ಲಿ ಕಲಿತದ್ದು. ಅದು ಇಳಿಯಬೇಕೆಂಬ ಆಸೆಯೂ ನನಗಿಲ್ಲ.

ಕೃಷ್ಣೆಯ ಹಿನ್ನೀರು ಬಂದು ಹಳೆಯ ಊರು ಬಿಡಬೇಕಾದಾಗ ನಾವು ತೊಲೆ, ಬಾಗಿಲು, ಬೀಸುಕಲ್ಲು, ಆಯಿಯ ಹೊರಸು ಎಲ್ಲವನ್ನೂ ಹೇರಿಕೊಂಡು ಹೊಸ ಪ್ಲಾಟಿಗೆ ಬಂದೆವು. ಆಯಿ ಅಂದರೆ ಅಪ್ಪನ ತಾಯಿ. ಅಳೆದು ಕೊಟ್ಟ ಜಾಗದಲ್ಲಿ ಒಂದು ಪಡಸಾಲೆ, ಒಂದು ಕೋಣೆ, ಹಿಂದೆ ತಗಡಿನ ಪತ್ರಾಸು ಹೊದಿಸಿದ ಅಡುಗೆಮನೆ. ಇಷ್ಟರಲ್ಲಿ ಅಪ್ಪ ಮೊದಲು ಕಟ್ಟಿಸಿ ಮುಗಿಸಿದ್ದು ಯಾವುದನ್ನು? ಮುಂಬಾಗಿಲ ಪಕ್ಕದ ಕಟ್ಟೆಯನ್ನು. ಅದಕ್ಕೆ ಒಳ್ಳೆಯ ಫರಸಿ ಕಲ್ಲು ಹಾಸಿಸಿದ. ಅಡುಗೆಮನೆಗೆ ಆಗಿನ್ನೂ ಬಾಗಿಲೇ ಇರಲಿಲ್ಲ. ಅವ್ವ ಹಳೆಯ ಸೀರೆಯೊಂದನ್ನು ಇಳಿಬಿಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದಳು, ನಾಯಿ ಮೂತಿ ಹಾಕಿದರೆ ಒಲೆಯೊಳಗಿನ ಕೊಳ್ಳಿ ತೋರಿಸುತ್ತಿದ್ದಳು. ಕಟ್ಟೆಯ ಮೇಲೆ ಮಾತ್ರ ಸಂಜೆಯಾದರೆ ಓಣಿಯ ಹಿರಿಯರು ಬಂದು ಕೂತು, ಎಲೆ ಅಡಿಕೆ ಜಗಿದು, ಊರ ನ್ಯಾಯವನ್ನೆಲ್ಲ ತೀರಿಸಿ ಏಳುತ್ತಿದ್ದರು. ಅಪ್ಪ ಗಟ್ಟಿ ಮನುಷ್ಯ. ಹಾವು ಕಂಡರೆ ಬಾಲ ಹಿಡಿದು ಎಳೆಯುತ್ತಿದ್ದ, ಕಾಲುವೆ ಒಡೆದರೆ ಎದೆಮಟ ನೀರಿಗೆ ಇಳಿಯುತ್ತಿದ್ದ. ಅವನು ಅಂಜುತ್ತಿದ್ದದ್ದು ಆ ಕಟ್ಟೆಯ ಮೇಲೆ ಕೂತ ನಾಲ್ಕು ಮಂದಿಯ ಬಾಯಿಗೆ ಮಾತ್ರ. ಅವರಲ್ಲಿ ಇಬ್ಬರಿಗೆ ಕಿವಿಯೂ ಸರಿಯಾಗಿ ಕೇಳುತ್ತಿರಲಿಲ್ಲ.

ಮುಳುಗಿದ ಹೊಲಕ್ಕೆ ಬಂದ ಪರಿಹಾರದಲ್ಲಿ ಅಪ್ಪ ರಬಕವಿ ಕಡೆಯಿಂದ ಹಳೆಯ ಟ್ರ್ಯಾಕ್ಟರ್ ಒಂದನ್ನು ತಂದ. ಮಡ್ಡಿಯ ಕಲ್ಲುನೆಲದಲ್ಲಿ ಮುಳುಗದೆ ಉಳಿದ ಹೊಲಕ್ಕೆ ಕಬ್ಬು ಹಚ್ಚುವುದು, ನಮ್ಮದನ್ನೂ ಮಂದಿಯದನ್ನೂ ಕಾರ್ಖಾನೆಗೆ ಹೇರುವುದು ಅವನ ಲೆಕ್ಕ. ಓಡಿಸಲು ಭೀಮಪ್ಪ ಬಂದ. ಲೋಕಾಪುರದ ಹತ್ತಿರದವನು, ಹೆಂಡತಿಯನ್ನು ಕರೆದುಕೊಂಡು ಬಂದು ನಮ್ಮ ಓಣಿಯ ಕೊನೆಗೆ ಗುಡಿಸಲು ಹಾಕಿದ. ನಾನು ಅವನಿಗೆ ಭೀಮಪ್ಪ ಕಾಕಾ ಅನ್ನುತ್ತಿದ್ದೆ. ಅವನ ಬೆಳಗಿನ ಊಟ ನಮ್ಮ ಅಂಗಳದಲ್ಲೇ, ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ಬೆನ್ನು ಕೊಟ್ಟು. ಬಿಸಿ ರೊಟ್ಟಿ, ಪಲ್ಯ, ಮೇಲೆ ಶೇಂಗಾ ಚಟ್ನಿ. ಉಂಡ ತಾಟನ್ನು ತಾನೇ ತೊಳೆದು, ಬಾಗಿಲ ಒಳಗೆ ಕೈ ಚಾಚಿ ಇಟ್ಟು ಹೋಗುತ್ತಿದ್ದ.

ಆ ಟ್ರ್ಯಾಕ್ಟರ್ ಬಂದ ದಿನದಿಂದಲೇ ಸೋರುತ್ತಿತ್ತು. ಆಯಿ ಅದನ್ನು ಹೊಟ್ಟೆ ಕೆಟ್ಟ ಎಮ್ಮೆ ಎಂದು ಕರೆಯುತ್ತಿದ್ದಳು. ಅಪ್ಪನಿಗೆ ಎಲ್ಲ ಎಣ್ಣೆಯೂ ಒಂದೇ. ಸೋರಿತು ಅಂದರೆ ಬೈಯುವುದು, ಅಷ್ಟೇ. ದಿನಾ ಬಳಿಯುತ್ತಿದ್ದ ಅವ್ವನಿಗೆ ಮಾತ್ರ ಅದು ಮೂರು ಬೇರೆ ಬೇರೆ ಎಣ್ಣೆ ಎಂದು ತಿಳಿದಿತ್ತು. ಹಿಂದಿನ ಗಾಲಿಯ ಬುಡದಲ್ಲಿ ಬೀಳುವುದು ದಪ್ಪ, ಕೊಳೆತ ತತ್ತಿಯ ಹಾಗೆ ನಾರುವಂಥದು. ಲಿಫ್ಟಿನ ಪೈಪಿನಿಂದ ಬೀಳುವುದು ತೆಳು, ಬೂದಿಗೆ ಬೇಗ ಬಿಡುವಂಥದು. ನಡುವೆ ಬೀಳುವುದು ಕಾಡಿಗೆಯಂಥ ಕಪ್ಪು, ಸೆಗಣಿಗೂ ಬಿಡದು, ಬೂದಿಗೂ ಬಿಡದು. ಅವ್ವ ಹೀಗೆ ಹೇಳಿದ್ದೇ ತಡ, ಭೀಮಪ್ಪ ಹಿಂದಿನ ಗಾಲಿ ಬಿಚ್ಚಿ ಸವೆದ ಸೀಲು ಬದಲಿಸಿದ, ಪೈಪಿಗೆ ಹೊಸ ವಾಶರ್ ಹಾಕಿದ. ಎರಡು ನಿಂತವು. ಕಪ್ಪನೆಯದು ಮಾತ್ರ ನಿಲ್ಲಲಿಲ್ಲ. ಎಂಜಿನ್ನಿನ ಹೊಟ್ಟೆಯ ತುಂಬ ಜಿಡ್ಡು ಹಿಡಿದು, ಎಲ್ಲಿಂದ ಬರುತ್ತದೆ ಎಂಬುದೇ ಕಾಣುತ್ತಿರಲಿಲ್ಲ. ಒಂದು ಬೆಳಿಗ್ಗೆ ಭೀಮಪ್ಪ ಅದನ್ನೆಲ್ಲ ಡೀಸೆಲ್ಲಿನಿಂದ ತೊಳೆದು, ಅರಿವೆಯಿಂದ ಒಣಗಿಸಿ, ಬಾಗಿಲಿಗೆ ಬಂದು ನಿಂತ.

"ಅವ್ವಾರ, ಒಂದ ಹಿಡಿ ರಂಗೋಲಿ ಪುಡಿ ಕೊಡ್ರಿ."

"ಯಾಕ ಭೀಮಣ್ಣ, ಇನ್ನ ಟ್ರ್ಯಾಕ್ಟರಿಗೂ ರಂಗೋಲಿ ಹಾಕಾಂವೇನ?"

"ಪುಡಿ ಉಗ್ಗಿ ಎಂಜಿನ್ ಚಾಲೂ ಮಾಡಿದ್ರ ಎಲ್ಲಿ ಹಸಿ ಆಕ್ಕೈತಿ ಅನ್ನೂದು ಕಾಣತೈತ್ರಿ."

ಅವ್ವ ಡಬ್ಬಿಯನ್ನೇ ತಂದು ಕೊಟ್ಟಳು. ಭೀಮಪ್ಪ ಕೆಳಗೆ ಮಲಗಿ ಜೋಡಣೆಗಳ ಮೇಲೆಲ್ಲ ಪುಡಿ ಉಗ್ಗಿದ. ಎಂಜಿನ್ ಕಾದು ಬಂದ ಮೇಲೆ ಅವ್ವನೂ ನಾನೂ ಮೊಣಕಾಲೂರಿ ಬಗ್ಗಿ ನೋಡಿದೆವು. ಎಲ್ಲ ಕಡೆ ಪುಡಿ ಬೆಳ್ಳಗೇ ಇತ್ತು. ಎಂಜಿನ್ನಿಗೂ ಗೇರುಡಬ್ಬಿಗೂ ನಡುವೆ ಕ್ಲಚ್ಚಿನ ಡಬ್ಬಿ ಇರುತ್ತದೆ. ಅದರ ತಳದಲ್ಲಿ ಒಂದು ಸಣ್ಣ ತೂತು, ತೂತಿನಲ್ಲಿ ಒಂದು ಸಡಿಲ ಪಿನ್ನು ಜೋತಾಡುತ್ತಿತ್ತು. ಆ ಪಿನ್ನಿನ ಸುತ್ತ ಮಾತ್ರ ಪುಡಿ ಕರ್ರಗಾಗಿತ್ತು. ಅಪ್ಪ ಕಟ್ಟೆಯಿಂದ ಇಳಿದು ಬಂದ.

"ಇದು ಎಂಜಿನ್ ಹಿಂದಿನ ಸೀಲ್ ಹೋಗೈತ್ರಿ ಧಣ್ಯಾರ. ಹೊಸಾದ ಹಾಕಬೇಕಂದ್ರ ಟ್ರ್ಯಾಕ್ಟರ್ ನಟ್ಟನಡುವ ಬಿಚ್ಚಿ ಎರಡ ಹೋಳ ಮಾಡಬೇಕು."

"ಕಬ್ಬಿನ ಸುಗ್ಗಿ ಮುಂದ ಇಟಗೊಂಡು ಎರಡ ಹೋಳ? ತಲಿ ಕೆಟ್ಟೈತೇನ ನಿನಗ? ಸುಗ್ಗಿ ಮುಗೀಲಿ."

"ಹಂಗಾದ್ರ ಸೋರಲಿ ಬಿಡ್ರಿ. ದಿನಾ ಗೇಜಿನ ಕಡ್ಡಿ ನೋಡಿ ಎಣ್ಣಿ ಹಾಕ್ಕೋತ ಹೋಗತೇನಿ. ಸೋರೂದು ಕಣ್ಣಿಗಿ ಕಾಣಾಕತ್ತೈತಿ ಅಂದ್ರ ಅಂಜಿಕಿ ಇಲ್ಲ. ಆದರ ಈ ತೂತ ಒಂದ ಮುಚ್ಚಬ್ಯಾಡ್ರಿ. ಮುಚ್ಚಿದ್ರ ಎಣ್ಣಿ ಹೊರಗ ಬರೂದಿಲ್ಲ, ಒಳಗ ನಿಂತು ಕ್ಲಚ್ ಪ್ಲೇಟಿಗಿ ಹತ್ತತೈತಿ. ಹತ್ತಿದ್ರ ಗಾಲಿ ಹಿಡಿಯೂದಿಲ್ಲ."

ಈ ಮಾತನ್ನು ಅಪ್ಪ ಕೇಳಿಸಿಕೊಂಡ. ನಾನು ಅಲ್ಲೇ ಇದ್ದೆ, ಅವ್ವ ಅಲ್ಲೇ ಇದ್ದಳು. ಮುಂದೆ ಯಾರಾದರೂ ಅವನಿಗೆ ಗೊತ್ತಿರಲಿಲ್ಲ ಪಾಪ ಎಂದರೆ ನನ್ನ ಮೈಯೆಲ್ಲ ಉರಿಯುವುದು ಇದಕ್ಕೇ. ಅವ್ವ ಹಿಟ್ಟು ನಾದುವ ಹಳೆಯ ಪರಾತವೊಂದನ್ನು ತೆಗೆದುಕೊಟ್ಟಳು. ಭೀಮಪ್ಪ ಸಂಜೆ ಅದನ್ನು ತೂತಿನ ಕೆಳಗೆ ಇಡುತ್ತಿದ್ದ, ಬೆಳಿಗ್ಗೆ ಎತ್ತುತ್ತಿದ್ದ, ಎಣ್ಣೆಯ ಮಟ್ಟ ತೋರಿಸುವ ಕಡ್ಡಿಯನ್ನು ಒರೆಸಿ, ಅದ್ದಿ ನೋಡಿ ಎಷ್ಟು ಬೇಕೋ ಅಷ್ಟು ಎಣ್ಣೆ ಹಾಕುತ್ತಿದ್ದ. ಕೆಲವು ದಿನ ಅಂಗಳವೂ ಸುಖವಾಗಿತ್ತು, ಅವ್ವನೂ ಸುಖವಾಗಿದ್ದಳು.

ಖಂಡೆಪೂಜೆಯ ದಿನ ನಮ್ಮ ಕಡೆ ಕುಡಗೋಲು, ಕುಂಟೆ, ಮೋಟಾರು ಎಲ್ಲದಕ್ಕೂ ಪೂಜೆ. ಟ್ರ್ಯಾಕ್ಟರಿಗಂತೂ ಮದುಮಗನ ಉಪಚಾರ. ಭೀಮಪ್ಪ ಹಬ್ಬಕ್ಕೆ ತನ್ನ ಊರಿಗೆ ಹೋಗಿದ್ದ. ಅಪ್ಪ ತಾನೇ ನಿಂತು ತೊಳೆದ, ಆಯಿ ವಿಭೂತಿ ಹಚ್ಚಿದಳು, ಕಬ್ಬಿನ ಜಲ್ಲೆ ಕಟ್ಟಿದೆವು. ಪೂಜೆಗೆ ಕಟ್ಟೆಯ ಮಂದಿಯನ್ನೆಲ್ಲ ಕರೆದಾಗಿತ್ತು. ಅವ್ವ ಮುಂದೆ ದೊಡ್ಡ ರಂಗೋಲಿ ಹಾಕಿ ಏಳುವುದರೊಳಗೆ ಪರಾತದಲ್ಲಿ ಕಪ್ಪು ತೊಟ್ಟು ಟಪ್ ಟಪ್ ಎಂದು ಬೀಳುತ್ತಿತ್ತು. ಆಯಿ ಮೂಗು ಮುರಿದಳು.

"ದೇವರ ಮುಂದ ಇದೇನ ಕರೀ ತಾಟ? ಮಂದಿ ನೋಡಿದ್ರ ಏನಂದಾರು?"

ಮಂದಿ ಎಂದಳು, ಮುಗಿಯಿತು. ಅಪ್ಪ ಅಡುಗೆಮನೆಗೆ ಬಂದು ಅವ್ವನ ಹತ್ತಿರ ಅರಿವೆ ಒಗೆಯುವ ಸಾಬೂನಿನ ಚೂರು, ಒಂದು ಚಿಂದಿ ಇಸಿದುಕೊಂಡ. ಬೇವಿನ ಕಟ್ಟಿಗೆಯ ಬೆಣೆ ಕೆತ್ತಿ, ಅದಕ್ಕೆ ಚಿಂದಿ ಸುತ್ತಿ, ಸಾಬೂನು ಮೆತ್ತಿ, ಹೊಸ ಧೋತರ ಎತ್ತಿ ಕಟ್ಟಿಕೊಂಡು ಟ್ರ್ಯಾಕ್ಟರಿನ ಕೆಳಗೆ ಹೊಕ್ಕ. ಪಿನ್ನು ಕಿತ್ತು ಬೆಣೆ ಬಡಿದ. ಪರಾತ ತೆಗೆದು ಹಿತ್ತಲಿಗೆ ಎಸೆದ. ಅವ್ವ ಬಾಗಿಲಲ್ಲಿ ನಿಂತು ಹೇಳಿದಳು.

"ಮುಚ್ಚಬ್ಯಾಡ್ರಿ ಅಂತ ಭೀಮಣ್ಣ ಹೇಳಿದ್ನಲ್ರಿ."

"ಇವತ್ತೊಂದ ದಿನ. ನಾಳೆ ತಗೀತೇನಿ."

ಅವನು ತೆಗೆಯಲಿಲ್ಲ. ನೆಲ ಒಣಗಿದ್ದು ನೋಡಿ ಕಟ್ಟೆಯ ಮೇಲಿನ ಒಬ್ಬರು, ಅಂತೂ ರಿಪೇರಿ ಮಾಡಿಸಿದಿ ನೋಡು ಎಂದು ಶಾಭಾಸ್‌ಗಿರಿ ಕೊಟ್ಟರಂತೆ, ಅಪ್ಪ ಹೌದು ಎಂದನಂತೆ. ಊರಿಂದ ಬಂದ ಭೀಮಪ್ಪನಿಗೂ ಹೊಲದಲ್ಲಿ ಅದನ್ನೇ ಹೇಳಿದ. ಲೋಕಾಪುರದ ಮಿಸ್ತ್ರಿ ಬಂದು ಸರಿ ಮಾಡಿ ಹೋಗಿದ್ದಾನೆ, ನೀನು ಕೆಳಗೆ ಕೈ ಹಾಕಬೇಡ ಎಂದ. ಧಣಿ ಹೇಳಿದ ಮೇಲೆ ಭೀಮಪ್ಪ ನಂಬಿದ. ಬೆಣೆಯ ಸಂಗತಿ ಅವನಿಗೆ ಗೊತ್ತಿದೆ ಎಂದೇ ಅವ್ವ ತಿಳಿದಿದ್ದಳು. ಸುಗ್ಗಿ ಶುರುವಾಗಿ ಟ್ರ್ಯಾಕ್ಟರ್ ಹಗಲೆಲ್ಲ ದುಡಿಯತೊಡಗಿತು. ಒಂದು ಸಂಜೆ ಭೀಮಪ್ಪ ಗೇಜಿನ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡು ಕಟ್ಟೆಯ ಮುಂದೆ ಬಂದು ನಿಂತ. ನಾನು ಪಡಸಾಲೆಯಲ್ಲಿ ಮಗ್ಗಿ ಬರೆಯುತ್ತ ಕೂತಿದ್ದೆ.

"ಧಣ್ಯಾರ, ಕಡ್ಡಿಗಿ ಎಣ್ಣಿ ಹತ್ತವಲ್ದು. ಮತ್ತ ಇಳದೈತ್ರಿ."

ಕಟ್ಟೆಯ ಮೇಲೆ ಕೂತ ಒಬ್ಬರು ನಕ್ಕರು.

"ನೆಲಾ ನೋಡಿದ್ರ ಒಣಗಿ ನಿಂತೈತಿ. ಎಣ್ಣಿ ಎಲ್ಲಿ ಹೋತಲೇ? ರೊಟ್ಟಿಗಿ ಹಚಗೊಂಡ ತಿಂದ್ಯೇನ?"

ಎಲ್ಲರೂ ನಕ್ಕರು. ಅಪ್ಪ ಏನೋ ಹೇಳಲು ಬಾಯಿ ತೆರೆದ. ನಾನು ನೋಡಿದೆ. ಆಮೇಲೆ ಬಾಯಿ ಮುಚ್ಚಿದ, ಅವರೆಲ್ಲರ ಮುಖ ನೋಡಿದ, ಆಮೇಲೆ ಅಂದ.

"ತಿನ್ನೂದಿಲ್ಲ, ಮಾರ್ಕೋತಾನ. ನನಗ ಮೊದಲಿಂದ ಸಂಶೆ ಇತ್ತು. ಕಳ್ಳ ಇದ್ದಾನ ಈ ಮಗ. ಚಾವಿ ಇಡಲೇ ಇಲ್ಲಿ."

"ನಾನಾ, ಧಣ್ಯಾರ? ನಾ ಕಳ್ಳಾ? ಒಂದ್ಸಲ ಕೆಳಗ ಹೊಕ್ಕ ನೋಡತೇನಿ, ಬಿಡ್ರಿ."

"ಟ್ರ್ಯಾಕ್ಟರ್ ಮುಟ್ಟಿದ್ರ ಕಾಲ ಮುರೀತೇನಿ."

ಭೀಮಪ್ಪ ಚಾವಿಯನ್ನು ಕಟ್ಟೆಯ ಅಂಚಿಗೆ ಇಟ್ಟ. ಕಡ್ಡಿಯನ್ನು ಹೆಗಲ ಮೇಲಿನ ಅರಿವೆಯಿಂದ ಒರೆಸಿ, ಅದರ ಜಾಗಕ್ಕೆ ಹಾಕಿ ಹೋದ. ಮರುದಿನ ಅವನ ಹೆಂಡತಿ ಬಂದು, ಟ್ರ್ಯಾಕ್ಟರಿನ ಸೀಟಿನ ಮೇಲಿದ್ದ ಅವನ ಕಂಬಳಿ ಕೇಳಿ ಒಯ್ದಳು. ಅವ್ವನ ಮುಖ ನೋಡಲಿಲ್ಲ.

ಅವತ್ತು ರಾತ್ರಿ ಉಣ್ಣುವಾಗ ಅವ್ವ ಅಪ್ಪನ ತಾಟಿಗೆ ರೊಟ್ಟಿ ಹಾಕಿ, ಪುಂಡಿಪಲ್ಯ ಹಾಕಿ, ಎದುರಿಗೆ ಕೂತಳು. ಅವಳು ಅಪ್ಪನ ಎದುರು ಕೂತು ಮಾತಾಡುವುದು ರೂಢಿಯಲ್ಲಿರಲಿಲ್ಲ.

"ತೂತ ಮುಚ್ಚಿದವರು ನೀವು. ಸಾಬೂನು ನನ್ನ ಕಡೆನ ಇಸಗೊಂಡ ಹೋದ್ರಿ. ಎಣ್ಣಿ ಡಬ್ಬಿ ಒಳಗ ನಿಂತೈತಿ. ನಾಳೆ ಕಟ್ಟಿ ಮ್ಯಾಲ ಇಷ್ಟ ಹೇಳಿ ಅಂವನ್ನ ಕರಸ್ರಿ."

"ಗಂಡಸರ ವ್ಯವಹಾರದಾಗ ಬಾಯಿ ಹಾಕಬ್ಯಾಡ."

"ವ್ಯವಹಾರ ಅಲ್ರಿ ಇದು. ಒಬ್ಬಾಂವನ್ನ ಕಳ್ಳ ಅಂದೀರಿ."

ಅಪ್ಪ ತಾಟು ಎತ್ತಿ ಎಸೆದ. ಪಲ್ಯ ಗೋಡೆಗೆ ಬಡಿದು ಹಸಿರು ಕಲೆಯಾಗಿ ಇಳಿಯಿತು. ಆಯಿ, ಉಣ್ಣುವ ಹೊತ್ತಿನಲ್ಲಿ ಯಾಕೆ ತೆಗೆದಿ ಅದನ್ನು ಎಂದು ಅವ್ವನಿಗೇ ಬೈದಳು. ಎಸೆದವನಿಗೆ ಒಂದು ಮಾತಿಲ್ಲ. ಅವ್ವ ಬಿದ್ದ ರೊಟ್ಟಿ ಎತ್ತಿದಳೇ ಹೊರತು ಆ ಗೋಡೆ ಒರೆಸಲಿಲ್ಲ; ಮುಂದಿನ ವರ್ಷ ಸುಣ್ಣ ಹೊಡೆಯುವವರೆಗೂ ಅದು ಹಾಗೇ ಇತ್ತು. ಬೆಳಿಗ್ಗೆ ಎದ್ದವಳೇ ಕುಡಗೋಲು ಹಿಡಿದು ತಾನೇ ಬೆಣೆ ಕೀಳಲು ಟ್ರ್ಯಾಕ್ಟರಿನ ಕೆಳಗೆ ಹೊಕ್ಕಳು. ಅಪ್ಪ ಅವಳ ಕಾಲು ಹಿಡಿದು ಹೊರಗೆಳೆದ. ಸಾರಿಸಿದ ಅಂಗಳದಲ್ಲಿ ಅವ್ವನ ಬೆನ್ನು ತಿಕ್ಕಿಕೊಂಡು ಬಂದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತು ನಾನು ಅಪ್ಪನನ್ನು ದ್ವೇಷಿಸಿದೆ. ಮಕ್ಕಳು ತಂದೆಯನ್ನು ಹಾಗೆ ದ್ವೇಷಿಸಬಾರದು ಎಂದು ಹೇಳುವವರು ಆ ಬೆನ್ನು ನೋಡಿಲ್ಲ.

ಅಂದಿನಿಂದ ಅಪ್ಪನೇ ಟ್ರ್ಯಾಕ್ಟರ್ ಓಡಿಸತೊಡಗಿದ. ಒಂದು ಮಧ್ಯಾಹ್ನ ಅವ್ವ ಬುತ್ತಿ ಹೊತ್ತುಕೊಂಡು, ನಾನು ನೀರಿನ ಕೊಡ ಹಿಡಿದುಕೊಂಡು ಹೊಲಕ್ಕೆ ಹೋದಾಗ, ಅಪ್ಪ ಕಬ್ಬು ತುಂಬಿದ ಟ್ರೇಲರ್ ಎಳೆಯುತ್ತ ಮಡ್ಡಿಯಿಂದ ರಸ್ತೆಗೆ ಏರುತ್ತಿದ್ದ. ನಡು ಏರಿನಲ್ಲಿ ಎಂಜಿನ್ ಭೋರ್ಗರೆಯಿತು, ಗಾಲಿ ತಿರುಗಲಿಲ್ಲ. ಸುಟ್ಟ ವಾಸನೆ ಬಂತು. ಟ್ರೇಲರ್ ಟ್ರ್ಯಾಕ್ಟರನ್ನು ಹಿಂದಕ್ಕೆ ಜಗ್ಗಿತು. ಅಪ್ಪ ಜಿಗಿದ. ಟ್ರೇಲರ್ ಹೊರಳಿ ಕಬ್ಬೆಲ್ಲ ದಾರಿಗೆ ಚೆಲ್ಲಿತು, ಟ್ರ್ಯಾಕ್ಟರ್ ಒಂದು ಬಂಡೆಗೆ ಹಾಯ್ದು ನಿಂತಿತು. ಹಿಂದೆ ಯಾರೂ ಇರಲಿಲ್ಲ, ಒಂದು ಜೀವವೂ ಹೋಗಲಿಲ್ಲ. ಲೋಕಾಪುರದಿಂದ ಮಿಸ್ತ್ರಿಯನ್ನು ಕರೆತಂದರು. ಅವನು ಕೆಳಗೆ ಹೊಕ್ಕು ನೋಡಿ, ಇಕ್ಕಳದಿಂದ ಬೆಣೆ ಹಿಡಿದು ಎಳೆದ. ಕರೀ ಎಣ್ಣೆ ಬುಳಬುಳ ಎಂದು ಸುರಿದು ಅವನ ಅಂಗಿಯೆಲ್ಲ ತೊಯ್ದಿತು.

"ಯಾವ ಜಾಣ ಬಡದಾನ್ರಿ ಇದನ್ನ?"

ಸುತ್ತ ಮಂದಿ ಸೇರಿದ್ದರು. ಕಟ್ಟೆಯವರೂ ಬಂದಿದ್ದರು. ಅಪ್ಪನ ಹಣೆಯಲ್ಲಿ ರಕ್ತ ಬರುತ್ತಿತ್ತು. ಆ ರಕ್ತ ಒರೆಸಿಕೊಳ್ಳುತ್ತ ಅಂದ.

"ಮೊದಲಿನ ಡ್ರೈವರ್ ಇದ್ನಲ್ಲ, ಆ ಕಳ್ಳ ನನ್ಮಗ. ಬಿಡಸಿದ ಸಿಟ್ಟಿಗಿ ಬಡದ ಹೋಗ್ಯಾನ."

ಅವ್ವ ಬುತ್ತಿಯನ್ನು ತಲೆಯಿಂದ ಇಳಿಸಿ ನೆಲಕ್ಕಿಟ್ಟಳು. ಎಲ್ಲರಿಗೂ ಕೇಳುವ ಹಾಗೆ, ಬೆಣೆ ಬಡಿದವರು ಇವರೇ, ನಾನೇ ಸಾಬೂನು ಕೊಟ್ಟೆ ಎಂದಳು. ಅಪ್ಪ ನಕ್ಕ. ಅಂಜಿಕಿಯಾಗಿ ಏನೇನೋ ಬಡಬಡಸ್ತಾಳ, ತಗೋರಿ ಎಂದ. ಅವರೂ ನಕ್ಕರು. ಕೇಳಿಸಲಿಲ್ಲ ಎಂದಲ್ಲ, ಕೇಳಿಸಿಕೊಂಡೇ ನಕ್ಕರು. ಅವ್ವ ಬುತ್ತಿ ಅಲ್ಲೇ ಬಿಟ್ಟು ನಡೆದಳು, ನಾನು ಹಿಂದೆ ಓಡಿದೆ. ಅವಳು ಮನೆಗೆ ಹೋಗಲಿಲ್ಲ, ನೇರ ಭೀಮಪ್ಪನ ಗುಡಿಸಲಿಗೆ ಹೋದಳು. ಅವನು ಸಾಮಾನು ಕಟ್ಟುತ್ತಿದ್ದ. ಅವ್ವ ಬೆಣೆಯ ಸಂಗತಿಯನ್ನೆಲ್ಲ ಅವನಿಗೂ ಅವನ ಹೆಂಡತಿಗೂ ಬಿಡಿಸಿ ಹೇಳಿದಳು. ಹೇಳುವಾಗ ಅತ್ತಳು, ತಾಟು ಎಸೆದಾಗ ಅತ್ತಿರಲಿಲ್ಲ.

"ನೀವು ಬಂದು ಹೇಳಿದ್ರೆಲ್ಲ ಅವ್ವಾರ, ಹೊಟ್ಟಿ ತಣ್ಣಗಾತು. ಆದರ ಅವರ ಬಾಯಿಂದ ಬಂದ ಮಾತು ಅವರ ಬಾಯಿಂದನ ಹೋಗಬೇಕ್ರಿ. ಯಾರೂ ನನ್ನ ಕೈಯಾಗ ಚಾವಿ ಕೊಡವಲ್ರು."

ಅಪ್ಪ ಟ್ರ್ಯಾಕ್ಟರನ್ನು ಕೊನೆಗೂ ಎರಡು ಹೋಳು ಮಾಡಿಸಿ ಸೀಲು ಹಾಕಿಸಿದ. ಸೋರುವುದು ನಿಂತಿತು. ಭೀಮಪ್ಪನಿಗೆ ಸುತ್ತಿನ ಯಾವ ಊರಿನಲ್ಲೂ ಸ್ಟೇರಿಂಗ್ ಸಿಗಲಿಲ್ಲ. ಮುಧೋಳದ ಪೇಟೆಯಲ್ಲಿ ಚೀಲ ಹೊತ್ತ, ಆಮೇಲೆ ಲೋಕಾಪುರದ ಹತ್ತಿರ ಒಂದು ಇಟ್ಟಿಗೆ ಭಟ್ಟಿಯಲ್ಲಿ ಕಾವಲಿಗೆ ನಿಂತ. ನಾನು ಜಮಖಂಡಿಯಲ್ಲಿ ಓದುವಾಗ ಬಸ್ಸಿನ ಕಿಟಕಿಯಿಂದ ಒಮ್ಮೊಮ್ಮೆ ಟ್ರ್ಯಾಕ್ಟರ್ ಓಡಿಸುವವರ ಮುಖ ನೋಡುತ್ತಿದ್ದೆ. ಭೀಮಪ್ಪ ಕಾಕಾ ನಮ್ಮಲ್ಲಿದ್ದಾಗ ಅವರೆಲ್ಲರಿಗಿಂತ ಚೆನ್ನಾಗಿ ಓಡಿಸುತ್ತಿದ್ದ. ಅವನ ದುಡಿಯುವ ವಯಸ್ಸೆಲ್ಲ ಭಾರ ಹೊರುವುದರಲ್ಲೇ ಹೋಯಿತು. ಅವ್ವ ಅದನ್ನು ಮರೆಯಲಿಲ್ಲ, ಅಪ್ಪನಿಗೆ ಮರೆಯಲು ಬಿಡಲೂ ಇಲ್ಲ. ಹಬ್ಬ ಬಂತೆಂದರೆ, ಆ ಮಾತು ಯಾವಾಗ ಹಿಂದಕ್ಕೆ ತಗೋತೀರಿ ಎಂದು ಕೇಳುತ್ತಿದ್ದಳು, ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ.

ಆಯಿ ತೀರಿಹೋದಳು. ಕಟ್ಟೆಯ ಹಿರಿಯರೂ ಒಬ್ಬೊಬ್ಬರಾಗಿ ಹೋದರು. ನಾನು ಆ ಮನೆಯಲ್ಲೇ ಉಳಿದು ಕೆಲಸಕ್ಕೆ ಓಡಾಡುತ್ತೇನೆ. ಅಪ್ಪ ಬಿದ್ದು ಸೊಂಟ ಮುರಿದುಕೊಂಡು ಪಡಸಾಲೆಯ ಹೊರಸು ಹಿಡಿದ. ಒಂದು ರವಿವಾರ ಅವನಿಗೆ ಗಂಜಿ ಕುಡಿಸುತ್ತ ನೇರವಾಗಿ ಕೇಳಿದೆ.

"ಅಪ್ಪಾ, ಅವತ್ತ ಭೀಮಪ್ಪ ಕಾಕಾಗ ಕಳ್ಳ ಅಂದ್ಯಲ್ಲ, ಎಣ್ಣಿ ಎಲ್ಲಿ ಹೋಗಾಕತ್ತೈತಿ ಅನ್ನೂದು ನಿನಗ ಗೊತ್ತಿತ್ತೋ ಇಲ್ಲೋ?"

ಅವನು ಬಟ್ಟಲಿನಿಂದ ಮುಖ ಸರಿಸಿ ಅಂದ.

"ಗೊತ್ತಿತ್ತು. ಕಡ್ಡಿ ನೋಡಿದ ಕೂಡಲೇ ಗೊತ್ತಾತು. ಏನ ಮಾಡಲವ್ವಾ, ಮಂದಿ ಕುಂತಿತ್ತು. ರಿಪೇರಿ ಮಾಡಸೇನಿ ಅಂದಬಿಟ್ಟಿದ್ದೆ."

ನನ್ನ ಕೈಯಲ್ಲಿದ್ದ ಬಟ್ಟಲನ್ನು ಅವನ ಮುಖಕ್ಕೇ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ಅದು ಅವನ ರೀತಿ. ಬಾಯಿ ಒರೆಸಿ, ಬಸ್ಸು ಹಿಡಿದು ಇಟ್ಟಿಗೆ ಭಟ್ಟಿಗೆ ಹೋಗಿ ಭೀಮಪ್ಪ ಕಾಕಾನನ್ನು ಕರೆದುಕೊಂಡು ಬಂದೆ. ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು, ಒಂದು ಹೆಗಲು ಇಳಿದಿತ್ತು. ಅಪ್ಪ ಅವನನ್ನು ಕಂಡು ಎದ್ದು ಕೂರಲು ನೋಡಿದ.

"ಬಾರೋ ಭೀಮಪ್ಪ. ಹೆಂಗದಿ? ಮಕ್ಕಳು ಮರಿ ಎಲ್ಲ ಛಲೋ ಅದಾರಿಲ್ಲ?"

"ಅದಾರ್ರಿ ಧಣ್ಯಾರ."

ಮಳೆಯ ಮಾತಾಯಿತು, ಕಬ್ಬಿನ ಮಾತಾಯಿತು, ಹೊಳೆಯ ನೀರಿನ ಮಾತಾಯಿತು. ನಾನು ಅಪ್ಪನನ್ನೇ ನೋಡುತ್ತಿದ್ದೆ. ಅವನು ನನ್ನನ್ನು ಬಿಟ್ಟು ಎಲ್ಲ ಕಡೆ ನೋಡಿ, ಅಡುಗೆಮನೆಯ ಕಡೆ ಕೂಗಿದ.

"ಏ, ಭೀಮಪ್ಪ ಬಂದಾನ. ಒಂದ ಕಪ್ ಚಾ ಮಾಡು."

ಅವ್ವ ಬಾಗಿಲಲ್ಲೇ ನಿಂತಿದ್ದಳು.

"ಮೊದಲ ಅಂವ ಕಳ್ಳ ಅಲ್ಲ ಅನ್ರಿ. ಆಮ್ಯಾಲ ಚಾ."

ಭೀಮಪ್ಪ ಕಾಕಾ ಹೆಗಲ ಮೇಲಿನ ಅರಿವೆ ಸರಿಪಡಿಸಿಕೊಂಡು ಎದ್ದ.

"ಆತು ಬಿಡ್ರಿ ಅವ್ವಾರ. ಹಳೇ ಮಾತು. ಅವರಿಗೂ ವಯಸ್ಸಾತು."

"ಏನ ಆತು ಭೀಮಣ್ಣ? ನಿನಗ ಯಾರರೆ ಚಾವಿ ಕೊಟ್ರೇನ?"

ಅವನು ನಿಂತಲ್ಲೇ ನಿಂತ. ಅವ್ವನನ್ನು ನೋಡಿದ, ಹೊರಸಿನ ಮೇಲಿದ್ದ ಅಪ್ಪನನ್ನು ನೋಡಿದ. ಆಮೇಲೆ ಮತ್ತೆ ಗೋಡೆಗೆ ಬೆನ್ನು ಹಚ್ಚಿ ಕೂತ.

"ಖರೆ ಐತ್ರಿ. ಕುಂದರತೇನಿ."

ಅಪ್ಪ ಗೋಡೆಯ ಕಡೆ ಹೊರಳಿ ಮಲಗಿದ. ಭೀಮಪ್ಪ ಕಾಕಾ ಅವನ ಬೆನ್ನನ್ನೇ ನೋಡುತ್ತ ಕೂತಿದ್ದ. ಹೊರಗೆ ಹೊತ್ತು ಇಳಿಯಿತು. ಅವ್ವ ಒಲೆ ಹೊತ್ತಿಸಲಿಲ್ಲ.